ಮದರ್‌ಬೋರ್ಡ್ ಕನೆಕ್ಟರ್ ಕಿತ್ತು ಬಂದ್ರೆ ಬೋರ್ಡೇ ಹೋಯ್ತಾ?

ಇವತ್ತಿನ ಎಪಿಸೋಡಿಗೆ ಕಾರಣ ಒಂದು ವಾಟ್ಸ್ಆ್ಯಪ್ ವಾಯ್ಸ್ ನೋಟ್. ತುಮಕೂರಿನ ಕೇಳುಗರೊಬ್ಬರು ಕಳಿಸಿದ್ದು. ಅವರು ಸಿಎ ಇಂಟರ್‌ಗೆ ಓದ್ತಾ ಇದ್ದಾರೆ, ಜೊತೆಗೆ ಮೂರು ಅಂಗಡಿಗಳ ಟ್ಯಾಲಿ ಲೆಕ್ಕ ನೋಡಿಕೊಳ್ತಾರೆ. ಆಯುಧ ಪೂಜೆಗೆ ಅಂತ ಸಿಪಿಯು ಡಬ್ಬ ಬಿಚ್ಚಿ ಧೂಳು ಒರೆಸುವಾಗ ಒಂದು ದಪ್ಪ ಕೇಬಲ್ ಅಡ್ಡ ಬಂದಿದೆ. ಎಳೆದಿದ್ದಾರೆ. ಬರಲಿಲ್ಲ ಅಂತ ಇನ್ನೊಂಚೂರು ಜೋರಾಗಿ ಎಳೆದಿದ್ದಾರೆ. ಕೇಬಲ್ ಬಂತು, ಅದರ ಜೊತೆ ಬೋರ್ಡ್ ಮೇಲಿದ್ದ ಪ್ಲಾಸ್ಟಿಕ್ ಗೂಡೂ ಕಿತ್ತು ಬಂತು.

"ಅಣ್ಣಾ, ಅಂಗಡಿಯವ್ರು ಬೋರ್ಡ್ ಹೋಗಿದೆ ಅಂತಿದಾರೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು ಹಾಕ್ಬೇಕಂತೆ, 18 ಸಾವಿರ ಆಗುತ್ತಂತೆ. 20ನೇ ತಾರೀಕಿಗೆ ಮೂರು ಜಿಎಸ್‌ಟಿ ರಿಟರ್ನ್ ಹಾಕ್ಬೇಕು. ಡೇಟಾ ಎಲ್ಲ ಅದ್ರಲ್ಲೇ ಇದೆ. ಏನ್ ಮಾಡ್ಲಿ?"

ಇದೇ ಪ್ರಶ್ನೆ. ಉತ್ತರ ಹೇಳೋಕೆ ಮುಂಚೆ ನನ್ನ ಬಗ್ಗೆ ಒಂದು ಮಾತು: ನಾನು ಓದಿದ್ದು ಬಿ.ಕಾಂ. ಆದರೆ ಈ ಎಪಿಸೋಡ್ ಎಡಿಟ್ ಮಾಡುವ ಕಂಪ್ಯೂಟರನ್ನು ನಾನೇ ಜೋಡಿಸಿಕೊಂಡಿದ್ದೀನಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 'ಚಿಪ್ ಲೆವೆಲ್ ಸರ್ವಿಸ್' ಅಂತ ಬೋರ್ಡ್ ಹಾಕಿರುವ ಅಂಗಡಿಗಳ ಬೆಂಚಿನ ಪಕ್ಕ ನಿಂತು ಗಂಟೆಗಟ್ಟಲೆ ನೋಡಿದ್ದೀನಿ. ಹಾಗಾಗಿ ಇವತ್ತು ಅರ್ಧ ಪಿನ್ನಿನ ಲೆಕ್ಕ, ಅರ್ಧ ದುಡ್ಡಿನ ಲೆಕ್ಕ.

ಮೊದಲು ಡೇಟಾ ವಿಷಯ, ಯಾಕಂದ್ರೆ ಅವರ ನಿಜವಾದ ಭಯ ಅದು. ಮದರ್‌ಬೋರ್ಡಿಗೆ ಏನಾದರೂ ಆದರೆ ಫೈಲುಗಳಿಗೆ ಏನೂ ಆಗಲ್ಲ. ಫೈಲು ಇರೋದು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಬರುವ ಒಂದು ಕೇಬಲ್ ಹಾಕಿ ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಪೆನ್‌ಡ್ರೈವ್ ತರಾನೇ ತೆರೆಯುತ್ತೆ. ಉದ್ದನೆಯ ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ಎಸ್‌ಎಸ್‌ಡಿ ಆದರೆ ಅದಕ್ಕೆ ಬೇರೆ ಎನ್‌ಕ್ಲೋಷರ್ ಬೇಕು. ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ ಮಾತ್ರ ಇದೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆಗಿದ್ದರೆ, ನಿಮಗೆ ಗೊತ್ತಿಲ್ಲದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು. ಬಿಟ್‌ಲಾಕರ್ ಅಂತ ಹೆಸರು. ಹಾಗಿದ್ದರೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ, ಅಥವಾ ಬೋರ್ಡ್ ಬದಲಾಯಿಸಿದಾಗ, 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಸೇವ್ ಆಗಿರುತ್ತೆ, ಮೊಬೈಲಿನಿಂದಲೂ ಲಾಗಿನ್ ಆಗಿ ನೋಡಬಹುದು. ಬೋರ್ಡ್ ಬದಲಾಯಿಸೋಕೆ ಯಾರ ಕೈಗಾದರೂ ಕೊಡುವ ಮುಂಚೆ ಆ ಕೀ ಬರೆದಿಟ್ಟುಕೊಳ್ಳಿ. ಬೋರ್ಡಿನ ಬೆಲೆ ಹೇಳುವ ಅಂಗಡಿಯವರು ಇದನ್ನು ಹೇಳೋದು ಅಪರೂಪ.

ತುಮಕೂರಿನವರ ಡಿಸ್ಕಿಗೆ ಎನ್‌ಕ್ರಿಪ್ಶನ್ ಇರಲಿಲ್ಲ. ಲೆಕ್ಕ ಬರೆಯುವ ಅಂಗಡಿಗಳಲ್ಲಿ ಒಂದರ ಕಂಪ್ಯೂಟರಿನಲ್ಲೇ ಟ್ಯಾಲಿ ಇತ್ತು. ಡೇಟಾ ಫೋಲ್ಡರ್ ಕಾಪಿ ಮಾಡಿ ಅಲ್ಲೇ ತೆರೆದರು. ರಿಟರ್ನಿನ ತಲೆನೋವು ಅಲ್ಲಿಗೆ ಇಳಿಯಿತು. ಉಳಿದದ್ದು 18 ಸಾವಿರದ ಪ್ರಶ್ನೆ.

ನಾನು ಅವರಿಗೆ ಹೇಳಿದ ಎರಡನೇ ಮಾತು: "ಆನ್ ಮಾಡಿ ನೋಡೋಕೆ ಹೋಗ್ಬೇಡಿ." ಎಲ್ಲರ ಕೈಯೂ ಮೊದಲು ಹೋಗೋದು ಪವರ್ ಬಟನ್ನಿಗೇ. ಪಿನ್ ಬಗ್ಗಿ ಪಕ್ಕದ ಪಿನ್ನಿಗೆ ತಾಗಿದ್ದರೆ, ಅಲ್ಲಿವರೆಗೆ ಬರೀ ಪ್ಲಾಸ್ಟಿಕ್ ಸಮಸ್ಯೆಯಾಗಿದ್ದದ್ದು ಕರೆಂಟಿನ ಸಮಸ್ಯೆ ಆಗಿಬಿಡಬಹುದು. ಇನ್ನೊಂದು ವಿಷಯ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಬೋರ್ಡಿನಲ್ಲಿ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಹರೀತಾನೇ ಇರುತ್ತೆ. ಕೆಲವು ಬೋರ್ಡುಗಳಲ್ಲಿ ಒಂದು ಸಣ್ಣ ಲೈಟ್ ಉರೀತಾ ಇರೋದು ಅದಕ್ಕೇ. ಆದ್ದರಿಂದ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಒಳಗೆ ಉಳಿದ ಚಾರ್ಜ್ ಖಾಲಿ ಮಾಡಿ, ಆಮೇಲೆ ಕೈ ಹಾಕಬೇಕು.

ಈಗ ಆ ಕನೆಕ್ಟರ್ ಏನು ಅಂತ ನೋಡೋಣ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ನಾವು ಪೆನ್‌ಡ್ರೈವ್ ಚುಚ್ಚುವ ಯುಎಸ್‌ಬಿ 3 ಪೋರ್ಟುಗಳಿರುತ್ತವಲ್ಲ, ಅವುಗಳಿಂದ ಒಂದು ದಪ್ಪ, ಬಗ್ಗದ ಕೇಬಲ್ ಬಂದು ಬೋರ್ಡಿನ ಅಂಚಿನಲ್ಲಿ ಕೂರುತ್ತೆ. ಅದು ಕೂರುವ ಗೂಡಿಗೆ ಯುಎಸ್‌ಬಿ 3 ಹೆಡರ್ ಅಂತಾರೆ. ಎರಡು ಸಾಲಿನಲ್ಲಿ ಹತ್ತತ್ತು ಪಿನ್ನಿಗೆ ಜಾಗ, ಆದರೆ ಒಂದು ಜಾಗ ಬೇಕಂತಲೇ ಖಾಲಿ. ಉಲ್ಟಾ ಹಾಕದಿರಲಿ ಅಂತ. ಅಲ್ಲಿಗೆ 19 ಪಿನ್ನು. ಪಿನ್ನಿಂದ ಪಿನ್ನಿಗೆ ದೂರ ಬರೀ 2 ಮಿಲಿಮೀಟರ್. ಸುತ್ತ ಒಂದು ಪ್ಲಾಸ್ಟಿಕ್ ಗೋಡೆ. ಇದರ ಹಿಡಿತ ಬಿಗಿ. ಒತ್ತಿದರೆ ಬಿಟ್ಟುಕೊಳ್ಳುವ ಕ್ಲಿಪ್ ಸಾಮಾನ್ಯವಾಗಿ ಇರಲ್ಲ. ಕೇಬಲ್ ಬೇರೆ ಬಿರುಸು. ಎಳೆದಾಗ ಗೋಡೆ ಕಿತ್ತು ಬರೋದು, ಪಿನ್ನು ಬಗ್ಗೋದು ತುಂಬಾ ಮಾಮೂಲು. ಪಿಸಿ ಜೋಡಿಸುವವರ ಶಾಪ ಅತಿ ಹೆಚ್ಚು ತಿಂದಿರುವ ಕನೆಕ್ಟರ್ ಯಾವುದು ಅಂತ ಕೇಳಿದರೆ ನನ್ನ ಓಟು ಇದಕ್ಕೇ.

ನಾವು 'ಕನೆಕ್ಟರ್ ಮುರಿದಿದೆ' ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ. ಅಂಗಡಿಯವರು ಅದನ್ನು 'ಬೋರ್ಡ್ ಹೋಗಿದೆ' ಅಂತ ಅನುವಾದ ಮಾಡ್ತಾರೆ. ಈ ಎರಡು ಮಾತಿನ ನಡುವೆ ನಾಲ್ಕು ಮೆಟ್ಟಿಲಿದೆ. ಪ್ಲಾಸ್ಟಿಕ್ ಗೋಡೆ ಮಾತ್ರ ಹೋಗಿರಬಹುದು. ಪಿನ್ನು ಬಗ್ಗಿರಬಹುದು ಅಥವಾ ತುಂಡಾಗಿರಬಹುದು. ಪಿನ್ನು ನೆಟ್ಟಗಿದ್ದು, ಕೆಳಗಿನ ಸೋಲ್ಡರ್ ಬಿಟ್ಟಿರಬಹುದು. ಕೊನೆಯದಾಗಿ, ಸೋಲ್ಡರ್ ಕೂತಿದ್ದ ತಾಮ್ರದ ಪ್ಯಾಡು ಅಥವಾ ಅಲ್ಲಿಂದ ಹೊರಡುವ ಗೆರೆ, ಅಂದ್ರೆ ಟ್ರ್ಯಾಕ್, ಬೋರ್ಡಿನಿಂದಲೇ ಎದ್ದಿರಬಹುದು. ಮೊದಲನೆಯದು ಏನೂ ಅಲ್ಲ. ನಾಲ್ಕನೆಯದು ಮಾತ್ರ ನಿಜವಾಗಿ ಬೋರ್ಡಿಗೆ ಆದ ಗಾಯ. ಅದಾದರೂ ಆ ಒಂದು ಕನೆಕ್ಟರಿನ ಮಟ್ಟಿಗೆ. ಉಳಿದ ಬೋರ್ಡಿಗೆ ಅದು ಗೊತ್ತೂ ಇರಲ್ಲ.

ನಿಮ್ಮದು ಯಾವ ಮೆಟ್ಟಿಲು ಅಂತ ತಿಳಿಯೋಕೆ ದೊಡ್ಡ ಸಲಕರಣೆ ಬೇಡ. ಮೊಬೈಲ್ ಕ್ಯಾಮೆರಾದಲ್ಲಿ 3ಎಕ್ಸ್ ಜೂಮ್ ಮಾಡಿ, ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೀರಿ. ಮೇಲಿನಿಂದ ಒಂದು, ಎರಡೂ ಬದಿಯಿಂದ ಒಂದೊಂದು. ಪಿನ್ನುಗಳ ನೆರಳು ಬೀಳುತ್ತಲ್ಲ, ಯಾವುದು ವಾಲಿದೆ ಅಂತ ನೆರಳೇ ಹೇಳುತ್ತೆ. ಕಿತ್ತು ಬಂದ ಪ್ಲಾಸ್ಟಿಕ್ಕಿನ ಒಳಗೂ ನೋಡಿ. ಪಿನ್ನು ಅಲ್ಲಿ ಸಿಕ್ಕಿಕೊಂಡಿರಬಹುದು. 19 ಇದೆಯಾ ಅಂತ ಎಣಿಸಿ. ಇದು ನಮ್ಮ ಕಾಮರ್ಸ್‌ನವರ ಕೆಲಸ, ಟ್ಯಾಲಿ ಆಗಲೇಬೇಕು. ಒಂದು ಕಡಿಮೆ ಬಂದರೆ ಆ ಪಿನ್ನು ಬೋರ್ಡಿನ ಮೇಲೆಲ್ಲೋ ಬಿದ್ದಿದೆ ಅಂತ ಅರ್ಥ. ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿನಲ್ಲಿ, ಪವರ್ ಸಪ್ಲೈ ಕೆಳಗೆ, ಎಲ್ಲಿ ಬೇಕಾದರೂ ಇರಬಹುದು. ಅದು ಸಿಗುವವರೆಗೆ ಆನ್ ಮಾಡೋ ಹಾಗಿಲ್ಲ. ಕ್ಯಾಬಿನೆಟ್ಟನ್ನು ಮೆಲ್ಲಗೆ ಮಗ್ಗುಲಾಗಿಸಿ ಅಲುಗಾಡಿಸಿದರೆ ಸಾಮಾನ್ಯವಾಗಿ ಟಣ್ ಅಂತ ಬೀಳುತ್ತೆ.

ತುಮಕೂರಿನಿಂದ ಬಂದ ಫೋಟೋದಲ್ಲಿ ಕಂಡದ್ದು ಇಷ್ಟು: ಗೋಡೆ ಪೂರ್ತಿ ಎದ್ದಿದೆ. ಎರಡು ಪಿನ್ನು ವಾಲಿವೆ. ನಡುವಿನ ಒಂದು ಪಿನ್ನು ಬುಡದಲ್ಲೇ ತುಂಡಾಗಿ ಪ್ಲಾಸ್ಟಿಕ್ಕಿನಲ್ಲಿ ಉಳಿದಿದೆ. ಬೋರ್ಡಿನ ತಾಮ್ರಕ್ಕೆ ಏನೂ ಆಗಿಲ್ಲ. ಅಂದರೆ ಎರಡನೇ ಮೆಟ್ಟಿಲು.

ಇಲ್ಲಿ ಯಾವ ಪಿನ್ನು ಅನ್ನೋದು ಮುಖ್ಯ. 19 ಪಿನ್ನೂ ಒಂದೇ ಕೆಲಸ ಮಾಡಲ್ಲ. ಎರಡು ಪಿನ್ನುಗಳಲ್ಲಿ 5 ವೋಲ್ಟ್ ಬರುತ್ತೆ, ಒಂದೊಂದು ಪೋರ್ಟಿಗೆ ಒಂದೊಂದು. ಕೆಲವು ಗ್ರೌಂಡು. ಉಳಿದವು ಹೆಚ್ಚುಕಡಿಮೆ ಎಲ್ಲ ಡೇಟಾ ಹೊರುವವು. ಡೇಟಾ ಪಿನ್ನು ತುಂಡಾದರೆ ಆ ಪೋರ್ಟಿನ ವೇಗ ಹೋಗುತ್ತೆ ಅಥವಾ ಆ ಪೋರ್ಟು ಸುಮ್ಮನಾಗುತ್ತೆ. ಹೆದರಬೇಕಾದದ್ದು 5 ವೋಲ್ಟಿನ ಪಿನ್ನು ವಾಲಿ ಬೇರೆ ಯಾವುದಕ್ಕಾದರೂ ತಾಗೋದಕ್ಕೆ. ಅದನ್ನು ಗುರುತಿಸೋದು ಸುಲಭ. ಬೇಕಂತಲೇ ಖಾಲಿ ಬಿಟ್ಟ ಜಾಗ ಇದೆಯಲ್ಲ, ಆ ತುದಿಯಲ್ಲೇ ಎರಡೂ 5 ವೋಲ್ಟ್ ಪಿನ್ನು ಇರೋದು. ಒಂದು ಖಾಲಿ ಜಾಗದ ಎದುರು, ಇನ್ನೊಂದು ಅದರ ಪಕ್ಕ.

ಅವರ ಮನೆ ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಸಿಕ್ಕಿತು. ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿಯನ್ನು ಬೋರ್ಡಿನ ಹಿಂದಿನ ಯುಎಸ್‌ಬಿ ಪೋರ್ಟಿನ ಲೋಹದ ಹೊದಿಕೆಗೆ ಇಡಿ ಅಂದೆ. ಅದು ಗ್ರೌಂಡ್. ಇನ್ನೊಂದನ್ನು 5 ವೋಲ್ಟ್ ಪಿನ್ನಿಗೆ ಮುಟ್ಟಿಸಬೇಕು. ಒಂದು ಕ್ಷಣ ಕೀಂಯ್ ಅಂದು ನಿಂತರೆ ತೊಂದರೆ ಇಲ್ಲ, ಒಳಗಿನ ಕೆಪ್ಯಾಸಿಟರ್ ಚಾರ್ಜ್ ಆಗೋದು ಅದು. ನಿಲ್ಲದೇ ಕೂಗ್ತಾನೇ ಇದ್ದರೆ ಶಾರ್ಟ್. ಅವರದು ಕೂಗಲಿಲ್ಲ. ಆಮೇಲೆ ಗೋಡೆ ಇಲ್ಲದ ಆ ಪಿನ್ನುಗಳಿಗೆ ಬೇರೇನೂ ತಾಗದ ಹಾಗೆ ನೋಡಿಕೊಂಡು, ಕೇಬಲ್ ಹಾಕದೇ ಆನ್ ಮಾಡಿದರು. ವಿಂಡೋಸ್ ಬಂತು. 'ಹೋಗಿದ್ದ' ಬೋರ್ಡು ಅದೇ.

ಅಂದ ಹಾಗೆ, ಶಾರ್ಟ್ ಇದ್ದೂ ಆನ್ ಮಾಡಿದರೆ ಏನಾಗಬಹುದು ಅಂತ ಕೆಲವರು ಕೇಳ್ತೀರಿ. ಹೆಚ್ಚಿನ ಬೋರ್ಡುಗಳಲ್ಲಿ ಯುಎಸ್‌ಬಿಗೆ ರಕ್ಷಣೆ ಇರುತ್ತೆ. ಕೆಲವು ಬೋರ್ಡುಗಳು ಸ್ಕ್ರೀನ್ ಮೇಲೆ 'ಯುಎಸ್‌ಬಿ ಡಿವೈಸ್ ಓವರ್ ಕರೆಂಟ್' ಅಂತ ತೋರಿಸಿ, 15 ಸೆಕೆಂಡಿನಲ್ಲಿ ಆಫ್ ಆಗ್ತೀನಿ ಅಂತ ಹೇಳಿ ಆಫ್ ಆಗುತ್ತವೆ. ಎಷ್ಟೋ ಜನ ಈ ಮೆಸೇಜ್ ನೋಡಿ ಬೋರ್ಡ್ ಸುಟ್ಟಿದೆ ಅಂದುಕೊಳ್ತಾರೆ. ವಾಸ್ತವದಲ್ಲಿ ಒಂದು ಬಗ್ಗಿದ ಪಿನ್ನು, ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿನೊಳಗೆ ನುಜ್ಜಾದ ತಗಡು, ಇಂಥದ್ದೇ ಕಾರಣ ಇರಬಹುದು. ಆ ಕೇಬಲ್ ಬಿಚ್ಚಿ ನೋಡಿದರೆ ಗೊತ್ತಾಗುತ್ತೆ.

ಇನ್ನು ವಾಲಿದ ಪಿನ್ನು ನೇರ ಮಾಡೋದು. ಇದಕ್ಕೆ ನನಗೆ ಗೊತ್ತಿರುವ ಒಳ್ಳೇ ಸಾಧನ ಪೆನ್ ಪೆನ್ಸಿಲ್. ಅದರ ಲೋಹದ ತುದಿ, ಪಿನ್ನಿನ ಮೇಲೆ ಟೋಪಿಯ ಹಾಗೆ ಕೂರುವಂಥದ್ದು, 0.7 ಅಥವಾ 0.9 ಮಿಲಿಮೀಟರಿನದು. ಒಳಗಿನ ಕಡ್ಡಿ ಪೂರ್ತಿ ತೆಗೆದು, ಊದಿ, ಹತ್ತಿಯಲ್ಲಿ ಒರೆಸಿರಬೇಕು. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟ್, ಅದರಲ್ಲಿ ಕರೆಂಟ್ ಹರಿಯುತ್ತೆ. ಅದರ ಪುಡಿ ಪಿನ್ನುಗಳ ನಡುವೆ ಬಿದ್ದರೆ ಕೆಲಸ ಕೆಟ್ಟಿತು. ತುದಿಯನ್ನು ಪಿನ್ನಿನ ಮೇಲೆ ಇಳಿಸಿ, ಬುಡದವರೆಗೆ ತಂದು, ಒಂದೇ ಸಲ ನಿಧಾನಕ್ಕೆ ನೇರ ಮಾಡಬೇಕು. ಆ ಕಡೆ ಈ ಕಡೆ ಅಂತ ನಾಲ್ಕು ಸಲ ಬಗ್ಗಿಸಿದರೆ ತಂತಿ ಮುರಿಯುವ ಹಾಗೆ ಮುರಿಯುತ್ತೆ. 80 ಪರ್ಸೆಂಟ್ ನೇರ ಆಯ್ತು ಅಂದರೆ ಕೈ ತೆಗೀರಿ. ಉಳಿದದ್ದನ್ನು ಪ್ಲಾಸ್ಟಿಕ್ ಗೋಡೆಯೇ ಮಾಡುತ್ತೆ. ಅದನ್ನು ಪಿನ್ನುಗಳ ಮೇಲಿಂದ ಸರಿಯಾದ ದಿಕ್ಕಿನಲ್ಲಿ ಸಮವಾಗಿ ಒತ್ತಿದರೆ ಎಲ್ಲವನ್ನೂ ಸಾಲಿಗೆ ತರುತ್ತೆ.

ತುಂಡಾದ ಪಿನ್ನಿಗೆ ಏನು? ಏನೂ ಮಾಡಬೇಡಿ, ಅದನ್ನು ಬಿಟ್ಟು ಬೇರೆ ದಾರಿ ಹಿಡೀರಿ ಅನ್ನೋದು ನನ್ನ ಸಲಹೆ. ಹೆಚ್ಚಿನ ಬೋರ್ಡುಗಳಲ್ಲಿ ಇದರ ಪಕ್ಕದಲ್ಲೇ ಯುಎಸ್‌ಬಿ 2 ಹೆಡರ್ ಒಂದೋ ಎರಡೋ ಖಾಲಿ ಇರುತ್ತೆ, 9 ಪಿನ್ನಿನದು. ಅದಕ್ಕೆ ಕೂತು, ಯುಎಸ್‌ಬಿ 3ರ ದಪ್ಪ ಕೇಬಲ್ಲಿಗೆ ಜಾಗ ಕೊಡುವ ಸಣ್ಣ ಕನ್ವರ್ಟರ್ ಸಿಗುತ್ತೆ, ಕೆಲವು ನೂರು ರೂಪಾಯಿಯ ಒಳಗೆ. ವೇಗ 5 ಗಿಗಾಬಿಟ್‌ನಿಂದ 480 ಮೆಗಾಬಿಟ್ಟಿಗೆ ಇಳಿಯುತ್ತೆ. ಕೇಳೋಕೆ ದೊಡ್ಡ ನಷ್ಟ. ಆದರೆ ಮುಂದಿನ ಪೋರ್ಟಿಗೆ ನೀವು ಚುಚ್ಚೋದು ಡಿಜಿಟಲ್ ಸಿಗ್ನೇಚರ್ ಡಾಂಗಲ್, ಮೌಸ್, ಅಪರೂಪಕ್ಕೆ ಪೆನ್‌ಡ್ರೈವ್ ಆದರೆ ವ್ಯತ್ಯಾಸ ಗೊತ್ತೇ ಆಗಲ್ಲ. ವೇಗದ ಪೋರ್ಟು ಬೇಕೇ ಬೇಕು ಅನ್ನೋರಿಗೆ ಹಿಂದುಗಡೆಯವು ಇದ್ದೇ ಇವೆ. ಮುಂದೆಯೇ ಬೇಕು ಅಂದರೆ 19 ಪಿನ್ನಿನ ಹೆಡರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸಿಗುತ್ತೆ. ತುಮಕೂರಿನವರು ಕನ್ವರ್ಟರ್ ತರಿಸಿಕೊಂಡರು, ಮುರಿದ ಹೆಡರನ್ನು ಖಾಲಿ ಬಿಟ್ಟು ಗೋಡೆ ಮಾತ್ರ ಮತ್ತೆ ಕೂರಿಸಿದರು.

ಹೀಗೆ ಬೇರೆ ದಾರಿ ಹಿಡಿಯೋದು ಬಹಳಷ್ಟು ಕನೆಕ್ಟರುಗಳಿಗೆ ನಡೆಯುತ್ತೆ. ಸಾಟಾ ಪೋರ್ಟು ಮುರಿದರೆ ಬೋರ್ಡಿನಲ್ಲಿ ಇನ್ನೂ ಮೂರು ಇರುತ್ತೆ. ರ‍್ಯಾಮಿನ ಸ್ಲಾಟಿನ ಕಿವಿ ಅಥವಾ ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನ ಕ್ಲಿಪ್ ಮುರಿದಿದ್ದರೆ, ಕಾರ್ಡು ಗಟ್ಟಿಯಾಗಿ ಕೂತಿರುವವರೆಗೆ ಅದನ್ನು ಮರೆತುಬಿಡಿ. ಫ್ಯಾನಿನ ಹೆಡರ್ ಸ್ವಲ್ಪ ಸ್ವಾರಸ್ಯದ್ದು. ಅದರಲ್ಲಿ 4 ಪಿನ್ನು: ಗ್ರೌಂಡ್, 12 ವೋಲ್ಟ್, ಫ್ಯಾನ್ ಎಷ್ಟು ಸುತ್ತುತ್ತಿದೆ ಅಂತ ತಿಳಿಸುವುದು, ಎಷ್ಟು ಸುತ್ತಬೇಕು ಅಂತ ಹೇಳುವುದು. ಕೊನೆಯದು ಮುರಿದರೆ ಫ್ಯಾನ್ ಸದಾ ಫುಲ್ ಸ್ಪೀಡಿನಲ್ಲಿ ಕಿರುಚುತ್ತೆ, ಅಷ್ಟೇ. ಮೂರನೆಯದು ಮುರಿದರೆ ಫ್ಯಾನ್ ಓಡ್ತಾ ಇದ್ದರೂ 'ಸಿಪಿಯು ಫ್ಯಾನ್ ಎರರ್' ಅಂತ ಬಯಾಸ್ ರಗಳೆ ತೆಗೆಯುತ್ತೆ. ಆಗ ಫ್ಯಾನನ್ನು ಬೋರ್ಡಿನ ಬೇರೆ ಫ್ಯಾನ್ ಹೆಡರಿಗೆ ಹಾಕಿ, ಬಯಾಸಿನಲ್ಲಿ ಆ ತಪಾಸಣೆಯನ್ನು 'ಇಗ್ನೋರ್' ಮಾಡಬಹುದು. ಆದರೆ ಹೊಸ ಹೆಡರಿನಲ್ಲಿ ಸ್ಪೀಡ್ ಕಡಿಮೆ ಇಟ್ಟಿರಬಹುದು, ಅದನ್ನು ಏರಿಸಿ, ಸಿಪಿಯು ಬಿಸಿ ಎಷ್ಟಾಗುತ್ತೆ ಅಂತ ಮೊದಲ ದಿನ ಗಮನ ಇಡಿ.

ಪವರ್ ಬಟನ್ನಿನ ಪಿನ್ನು ಮುರಿದರೆ ಜನ ತುಂಬಾ ಗಾಬರಿ ಆಗ್ತಾರೆ, ಯಾಕಂದ್ರೆ ಕಂಪ್ಯೂಟರ್ ಆನೇ ಆಗಲ್ಲ. ಆ ಬಟನ್ ಮಾಡೋದು ಇಷ್ಟೇ: ಎರಡು ಪಿನ್ನುಗಳನ್ನು ಅರೆಕ್ಷಣ ಒಂದಕ್ಕೊಂದು ಮುಟ್ಟಿಸೋದು. ಬುಡ ಉಳಿದಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಅವೆರಡನ್ನು ಮಾತ್ರ ಒಮ್ಮೆ ಮುಟ್ಟಿಸಿ ಆನ್ ಮಾಡಿ, ಬಯಾಸಿಗೆ ಹೋಗಿ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕಿಬಿಡಿ. 'ರಿಸ್ಟೋರ್ ಎಸಿ ಪವರ್ ಲಾಸ್' ಅಥವಾ ಅದಕ್ಕೆ ಹತ್ತಿರದ ಹೆಸರಿರುತ್ತೆ. ಅಲ್ಲಿಂದ ಮುಂದೆ ಗೋಡೆಯ ಸ್ವಿಚ್ಚೇ ನಿಮ್ಮ ಪವರ್ ಬಟನ್. ಆಫ್ ಮಾಡೋದು ಮಾತ್ರ ವಿಂಡೋಸ್ ಒಳಗಿಂದಲೇ ಮಾಡಿ.

ಈ ಜುಗಾಡು ನಡೆಯಬಾರದ ಜಾಗಗಳೂ ಇವೆ. ಬೋರ್ಡಿಗೆ ಪವರ್ ಕೊಡುವ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರಿಗೆ ಪವರ್ ಕೊಡುವ 4 ಅಥವಾ 8 ಪಿನ್ನಿನದು. ಲೆಕ್ಕ ನೋಡಿ: ಯುಎಸ್‌ಬಿ 3ರ ಒಂದು ಪೋರ್ಟಿನ ಮಾಮೂಲಿ ಮಿತಿ 0.9 ಆಂಪಿಯರ್. ಪ್ರೊಸೆಸರ್ 100 ವ್ಯಾಟ್ ಎಳೆದರೆ 12 ವೋಲ್ಟಿನಲ್ಲಿ 8 ಆಂಪಿಯರ್ ದಾಟುತ್ತೆ. ಇಲ್ಲಿ ಒಂದು ಪಿನ್ನು ಸಡಿಲ ಇದ್ದರೆ ಅದು ಬಿಸಿಯಾಗುತ್ತೆ, ಪ್ಲಾಸ್ಟಿಕ್ ಕಂದು ತಿರುಗುತ್ತೆ, ಸುಟ್ಟ ವಾಸನೆ ಬರುತ್ತೆ. ಬರೀ ಕ್ಲಿಪ್ ಮುರಿದು, ಹಿಡಿತ ಬಿಗಿ ಇದ್ದರೆ ಸರಿ. ಕಂದು ಬಣ್ಣ ಅಥವಾ ವಾಸನೆ ಇದ್ದರೆ ಅಲ್ಲಿಗೆ ನಿಲ್ಲಿಸಿ. ಪ್ರೊಸೆಸರ್ ಕೂರುವ ಸಾಕೆಟ್ಟೂ ಹಾಗೇ. ಎಲ್‌ಜಿಎ 1700 ಅಂದರೆ 1700 ಕೂದಲೆಳೆಯಂಥ ಸ್ಪ್ರಿಂಗು. ಅದನ್ನು ನೇರ ಮಾಡುವವರು ಇದ್ದಾರೆ, ಅವರ ಬಳಿ ಮೈಕ್ರೋಸ್ಕೋಪ್ ಇರುತ್ತೆ.

ಕೆಲವರು 'ಸೋಲ್ಡರಿಂಗ್ ಐರನ್ ನನ್ನ ಹತ್ತಿರಾನೇ ಇದೆ' ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು. ಹೆಡ್‌ಫೋನ್ ವೈರ್ ಅಂಟಿಸುವ 25 ವ್ಯಾಟಿನ ಐರನ್ ಇಲ್ಲಿ ಸೋಲುತ್ತೆ. ಮದರ್‌ಬೋರ್ಡ್ ಅಂದರೆ ನಾಲ್ಕೋ ಆರೋ ಪದರ, ಒಳಗೆ ಅಗಲವಾದ ತಾಮ್ರದ ಹಾಳೆ. ಗ್ರೌಂಡ್ ಪಿನ್ನಿಗೆ ಐರನ್ ಇಟ್ಟರೆ ಆ ಹಾಳೆ ಬಿಸಿಯನ್ನೆಲ್ಲ ಕುಡಿಯುತ್ತೆ, ಸೋಲ್ಡರ್ ಕರಗಲ್ಲ. ಸಿಟ್ಟಿನಲ್ಲಿ ಒತ್ತಿ ಎಳೆದರೆ ಪ್ಯಾಡೇ ಎದ್ದು ಬರುತ್ತೆ. ಆಗ ಎರಡನೇ ಮೆಟ್ಟಿಲಿನ ಸಮಸ್ಯೆ ನಾಲ್ಕನೇ ಮೆಟ್ಟಿಲಿಗೆ ಹತ್ತಿತು. ಇನ್ನೊಂದು, ಕಾರ್ಖಾನೆಯಲ್ಲಿ ಹಾಕಿರೋದು ಸೀಸ ಇಲ್ಲದ ಸೋಲ್ಡರ್, ಅದು ಕರಗೋದು ಸುಮಾರು 217 ಡಿಗ್ರಿಗೆ. ಸೀಸ ಇರುವ ಹಳೇ ಬಗೆಯದು 183ಕ್ಕೇ ಕರಗುತ್ತೆ. ಎಸ್.ಪಿ. ರೋಡಿನ ಬೆಂಚಿನಲ್ಲಿ ನಾನು ನೋಡಿದ ಕೈಚಳಕ ಇದು: ಅವರು ಮೊದಲು ಹಳೆಯದನ್ನು ತೆಗೆಯೋಕೆ ಹೋಗಲ್ಲ. ಫ್ಲಕ್ಸ್ ಹಚ್ಚಿ, ಮೇಲಿಂದ ಸೀಸದ ಸೋಲ್ಡರನ್ನೇ ಇನ್ನಷ್ಟು ಸೇರಿಸ್ತಾರೆ. ಎರಡೂ ಬೆರೆತು ಕಡಿಮೆ ಬಿಸಿಗೇ ಕರಗುತ್ತೆ. ಬೋರ್ಡಿಗೆ ಕೆಳಗಿನಿಂದಲೂ ಬಿಸಿ ಕೊಟ್ಟು, ಹೆಡರನ್ನು ಪೂರ್ತಿ ಎತ್ತಿ ಹೊಸದು ಕೂರಿಸ್ತಾರೆ. ನೋಡೋಕೆ ಹತ್ತು ನಿಮಿಷದ ಕೆಲಸ. ಅದರ ಹಿಂದೆ ಹತ್ತು ವರ್ಷದ ಕೈ ಇರುತ್ತೆ.

ಹಾಗಾದರೆ ಮೊದಲ ಅಂಗಡಿಯವರು ಮೋಸ ಮಾಡಿದರಾ? ನಾನು ಹಾಗೆ ಹೇಳಲ್ಲ. ಅವರ ಕಡೆಯಿಂದ ಯೋಚಿಸಿ. ಪಿನ್ನು ಸರಿ ಮಾಡಿ ಕೊಟ್ಟರೆ ಸಿಗೋದು ಕೆಲವು ನೂರು. ನಾಳೆ ಬೇರೆ ಏನೋ ಕೆಟ್ಟರೂ 'ನೀವು ಮುಟ್ಟಿದ ಮೇಲೇ ಆಯ್ತು' ಅಂತ ಗಿರಾಕಿ ಬರ್ತಾರೆ. ಹೊಸ ಬೋರ್ಡ್ ಹಾಕಿದರೆ ವಾರಂಟಿ ಕಂಪನಿಯದು, ಮಾರ್ಜಿನ್ ತಮ್ಮದು. ರಿಸ್ಕ್ ಯಾರ ತಲೆ ಮೇಲೆ ಅನ್ನೋದೇ ಇಲ್ಲಿ ಬೆಲೆ ನಿರ್ಧರಿಸ್ತಾ ಇದೆ. ಹಾಗಾಗಿ ಅಂಗಡಿಗೆ ಹೋದಾಗ 'ಸರಿ ಆಗುತ್ತಾ' ಅಂತ ಕೇಳಬೇಡಿ. 'ಈ ಹೆಡರ್ ಬಳಸದೇ ಉಳಿದ ಬೋರ್ಡ್ ಓಡುತ್ತಾ, ಆನ್ ಮಾಡಿ ತೋರಿಸ್ತೀರಾ' ಅಂತ ಕೇಳಿ. 'ರಿಪೇರಿ ಫೇಲ್ ಆದ್ರೂ ನಿಮ್ಮನ್ನ ಕೇಳಲ್ಲ' ಅಂತ ನೀವೇ ಮೊದಲು ಹೇಳಿದರೆ, ಎಷ್ಟೋ ಸಲ ಅವರ ಮಾತು ಬದಲಾಗುತ್ತೆ.

18 ಸಾವಿರ ಯಾಕೆ ಬಂತು ಅಂತಾನೂ ನೋಡೋಣ. ಅವರದು ಇಂಟೆಲ್ 8ನೇ ಜನರೇಶನ್, ಸಾಕೆಟ್ ಎಲ್‌ಜಿಎ 1151. ಈಗಿನ ಬೋರ್ಡಿಗೆ ಆ ಪ್ರೊಸೆಸರ್ ಕೂರಲ್ಲ. ಹೊಸ ಪ್ರೊಸೆಸರ್ ತಗೊಂಡರೆ, ಬೋರ್ಡ್ ಡಿಡಿಆರ್5 ಆಗಿದ್ದರೆ ಹಳೇ ಡಿಡಿಆರ್4 ರ‍್ಯಾಮೂ ಕೂರಲ್ಲ. ಒಂದು ಪಿನ್ನಿನಿಂದ ಶುರುವಾಗಿ ಮೂರು ಐಟಂ ಆಯ್ತು. ಅದರ ಮೇಲೆ ವಿಂಡೋಸ್ ಲೈಸೆನ್ಸ್ ಬೋರ್ಡಿನ ಜೊತೆ ಬಂದ ಒಇಎಂ ಆಗಿದ್ದರೆ, ಹೊಸ ಬೋರ್ಡಿಗೆ ಅದೂ ದಾಟಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕುವವರಿಗೆ ಒಂದು ಗುಂಡಿ ತೋರಿಸ್ತೀನಿ: 6, 7ನೇ ಜನರೇಶನ್ನಿಗೂ ಸಾಕೆಟ್ ಹೆಸರು 1151 ಅಂತಲೇ ಇತ್ತು. ಆದರೆ 8, 9ಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. ಹೆಸರು ನೋಡಿ ತಂದರೆ ಕೂರುತ್ತೆ, ಓಡಲ್ಲ. ಎಎಂಡಿಯ ಎಎಂ4 ಇರುವವರು ಸ್ವಲ್ಪ ನೆಮ್ಮದಿ. 2017ರ ಮೊದಲ ರೈಜನ್‌ನಿಂದ 5000 ಸರಣಿಯವರೆಗೆ ಅದೇ ಸಾಕೆಟ್ಟು. ಆದರೂ ನಿಮ್ಮ ಪ್ರೊಸೆಸರ್ ಆ ಬೋರ್ಡಿನ ಪಟ್ಟಿಯಲ್ಲಿದೆಯಾ ಅಂತ ನೋಡಿಯೇ ತಗೊಳ್ಳಿ.

ಕಂಪ್ಯೂಟರ್ ಹಳೆಯದು ಅಂತ ರಿಪೇರಿ ಬೇಡ ಅನ್ನೋ ವಾದ ಇದೆ. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸವೆದು ಹೋಗಿರಬಹುದು. ಆದರೆ ತಿಂಗಳಿಗೆ ಮೂರು ಅಂಗಡಿಯ ಲೆಕ್ಕ ಮುಗಿಸಿಕೊಡುವ ಮೆಷಿನ್ನಿನ ಬೆಲೆ ಆ ಪುಸ್ತಕದಲ್ಲಿ ಇರಲ್ಲ. ಕಳೆದ ದುಡ್ಡಿನ ಮುಖ ನೋಡದೇ, ಮುಂದೆ ಹೋಗುವ ದುಡ್ಡು ಎಷ್ಟು, ಅದರಿಂದ ಎಷ್ಟು ದಿನದ ಕೆಲಸ ಸಿಗುತ್ತೆ ಅಂತ ಕೇಳಿಕೊಳ್ಳಿ. ಕೆಲವು ನೂರು ರೂಪಾಯಿಗೆ ಇನ್ನೊಂದು ವರ್ಷ ಸಿಕ್ಕರೂ ಲಾಭವೇ. ಸುಟ್ಟ ಪವರ್ ಕನೆಕ್ಟರ್ ಆದರೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತೆ.

ಲ್ಯಾಪ್‌ಟಾಪ್ ಇರುವವರಿಗೆ ಎರಡು ಮಾತು. ಚಾರ್ಜರ್ ಪಿನ್ ಅಲುಗಾಡಿದರೆ ಬೋರ್ಡ್ ಹೋಯ್ತು ಅಂತ ತಕ್ಷಣ ಒಪ್ಪಬೇಡಿ. ಬಹಳಷ್ಟು ಮಾಡೆಲುಗಳಲ್ಲಿ ಡಿಸಿ ಜ್ಯಾಕ್ ಒಂದು ಚಿಕ್ಕ ವೈರಿನ ತುದಿಯಲ್ಲಿರುತ್ತೆ, ಸೋಲ್ಡರ್ ಇಲ್ಲದೇ ಬದಲಾಗುತ್ತೆ. ಟೈಪ್-ಸಿ ಚಾರ್ಜಿಂಗ್ ಆದರೆ ಅದು ಸಾಮಾನ್ಯವಾಗಿ ಬೋರ್ಡಿಗೇ ಅಂಟಿರುತ್ತೆ, ಚಿಪ್ ಲೆವೆಲ್ ಕೆಲಸ. ಕೀಬೋರ್ಡಿನ ರಿಬ್ಬನ್ ಹಿಡಿಯುವ ಸಣ್ಣ ಲ್ಯಾಚ್ ಮುರಿದಿದ್ದರೆ, ರಿಬ್ಬನ್ನನ್ನು ನೇರವಾಗಿ ಪೂರ್ತಿ ಒಳಗೆ ಕೂರಿಸಿ, ಮೇಲೆ ಬಿಸಿ ತಡೆಯುವ ಹಳದಿ ಟೇಪು ಹಚ್ಚಿ ಒತ್ತಿ ಇಟ್ಟರೆ ನಡೆಯುತ್ತೆ. ಏನೇ ಬಿಚ್ಚುವ ಮುಂಚೆ ಬ್ಯಾಟರಿ ಕನೆಕ್ಟರ್ ಮೊದಲು. ಬ್ಯಾಟರಿ ಇದ್ದಾಗಲೇ ಡಿಸ್‌ಪ್ಲೇ ಕೇಬಲ್ ಎಳೆದರೆ ಬ್ಯಾಕ್‌ಲೈಟಿನ ಫ್ಯೂಸ್ ಹೋಗಬಹುದು. ಒಂದು ಕೆಲಸಕ್ಕೆ ಹೋಗಿ ಎರಡಾಗುತ್ತೆ.

ವಾರಂಟಿ ಇದ್ದರೆ ಕ್ಲೇಮ್ ಮಾಡಬಹುದಾ ಅಂತ ಕೇಳ್ತೀರಿ. ಪಿನ್ನು ಬಗ್ಗಿದ್ದು, ಕನೆಕ್ಟರ್ ಕಿತ್ತದ್ದು 'ಫಿಸಿಕಲ್ ಡ್ಯಾಮೇಜ್' ಲೆಕ್ಕಕ್ಕೆ ಬರುತ್ತೆ, ಸಾಮಾನ್ಯವಾಗಿ ಕೊಡಲ್ಲ. ಆದರೆ ರಿಪೇರಿಗೆ ಕೊಟ್ಟ ಅಂಗಡಿ ಹೇಳದೇ ಬೋರ್ಡ್ ಬದಲಾಯಿಸಿದರೆ, ಹಳೇ ಬೋರ್ಡ್ ವಾಪಸ್ ಕೊಡದಿದ್ದರೆ ಸುಮ್ಮನಿರಬೇಡಿ. ಬಿಲ್ಲಿನಲ್ಲಿ ಬೋರ್ಡಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕೊಡುವ ಮುಂಚೆ ಸ್ಟಿಕ್ಕರಿನ ಫೋಟೋ ತೆಗೆದಿಡಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಕೂಡ ಶುರು ಮಾಡಿದೆ. ಅಲ್ಲಿ ಕಂಪನಿಗಳ ಸರ್ವಿಸ್, ಬಿಡಿಭಾಗ, ವಾರಂಟಿ ಮಾಹಿತಿಯನ್ನು ಒಂದೇ ಕಡೆ ಇಡುವ ಉದ್ದೇಶ.

ಕೊನೆಗೆ, ಮುಂದಿನ ವರ್ಷ ಆಯುಧ ಪೂಜೆಗೆ ಆ ದಪ್ಪ ಕೇಬಲ್ ತೆಗೆಯೋದು ಹೇಗೆ? ನಿಜ ಹೇಳಬೇಕಂದ್ರೆ ಧೂಳು ಒರೆಸೋಕೆ ಅದನ್ನು ತೆಗೆಯೋ ಅಗತ್ಯವೇ ಇಲ್ಲ. ತೆಗೆಯಲೇಬೇಕಾದರೆ ವೈರ್ ಹಿಡಿದು ಎಳೀಬೇಡಿ. ಒಂದು ಕೈಯ ಎರಡು ಬೆರಳಲ್ಲಿ ಬೋರ್ಡಿನ ಮೇಲಿನ ಗೋಡೆಯನ್ನು ಕೆಳಕ್ಕೆ ಒತ್ತಿ ಹಿಡೀರಿ. ಇನ್ನೊಂದು ಕೈಯಲ್ಲಿ ಕೇಬಲ್ಲಿನ ಪ್ಲಾಸ್ಟಿಕ್ ತಲೆಯನ್ನು ಹಿಡಿದು, ಅದರ ಉದ್ದದ ದಿಕ್ಕಿನಲ್ಲಿ ಒಂದು ತುದಿ ಚೂರು, ಇನ್ನೊಂದು ತುದಿ ಚೂರು ಎತ್ತುತ್ತಾ ನೇರ ಮೇಲಕ್ಕೆ ತೆಗೀರಿ. ಅಗಲದ ದಿಕ್ಕಿಗೆ ವಾಲಿಸಿದರೆ ಪಿನ್ನು ಬಗ್ಗುತ್ತೆ.

ನಿಮ್ಮ ಬೋರ್ಡಿಗೂ ಇಂಥದ್ದೇನಾದರೂ ಆಗಿದ್ದರೆ ವಾಯ್ಸ್ ನೋಟ್ ಕಳಿಸಿ. ಜೊತೆಗೆ ಮೂರು ಫೋಟೋ ಇರಲಿ: ಮೇಲಿಂದ ಒಂದು, ಪಕ್ಕದಿಂದ ಒಂದು, ಬೋರ್ಡಿನ ಮಾಡೆಲ್ ನಂಬರ್ ಕಾಣೋ ಹಾಗೆ ಒಂದು. ಮತ್ತೆ, ಫೋಟೋ ತೆಗೆಯೋಕೆ ಮುಂಚೆ ಪ್ಲಗ್ ಕಿತ್ತಿರಿ.